ಹನ್ನೊಂದಕ್ಕೆ ಒಂದು

ಅಣಶಿ ಘಟ್ಟದ ನಾಲ್ಕನೇ ತಿರುವಿಗೇ
ಗಾಡಿ ಏದುಸಿರು ಬಿಡುತ್ತದೆ ಅಂದಳು ಶೆವಂತಿ ಹರಿಕಂತ್ರ.
ಹಿಂದೆ ಎರಡು ಕ್ರೇಟು ಬಂಗಡೆ, ಮೇಲೆ ಮಂಜುಗಡ್ಡೆ,
ಜೋಯ್ಡಾ ಮುಟ್ಟುವಷ್ಟರಲ್ಲಿ ಮಂಜು ನೀರು, ಮೀನಿನ ಕಣ್ಣು ಮಬ್ಬು,
ಗಿರಾಕಿ ಕಿವಿರು ಎತ್ತಿ ನೋಡಿ ಮುಂದೆ ಹೋಗುತ್ತಾರೆ.
"ದೊಡ್ಡ ಗಾಡಿಗೆ ದುಡ್ಡಿಲ್ಲ, ಕೈತಾನ್ ಬಾಬ್.
ಇದರೊಳಗೇ ಎಂತಾದರೂ ಮಾಡು."

ಇದರೊಳಗೇ. ಆ ಮಾತು ನನಗೆ ಗೊತ್ತು.
ಹೆದ್ದಾರಿ ಅಗಲವಾದ ವರ್ಷ
ಕೋಡಿಬಾಗದ ನನ್ನ ಅಂಗಡಿಯ ಮುಂದಿನ ಅರ್ಧ
ಜೆಸಿಬಿಯ ಬಾಯಿಗೆ ಹೋಯಿತು.
ಉಳಿದರ್ಧದಲ್ಲಿ ಅದೇ ವೈಸು, ಅದೇ ಪಾನಾ, ಅದೇ ನಾನು;
ಬಗ್ಗಿದರೆ ಬೆನ್ನಿಗೆ ಗೋಡೆ.

ಹೊಸ ಪಿಸ್ಟನ್ ಕೊಲ್ಹಾಪುರದಿಂದ ಬಂತು.
ತಲೆ ಚಪ್ಪಟೆಯಲ್ಲ, ಇಡ್ಲಿಯ ಹಾಗೆ ಉಬ್ಬು.
ಹಳೆಯದು ಒಂಬತ್ತು ಪಾಲು ಗಾಳಿಯನ್ನು ಒಂದಕ್ಕೆ ಹಿಂಡುತ್ತಿತ್ತು,
ಇದು ಹನ್ನೊಂದನ್ನು ಹಿಂಡುತ್ತದೆ ಅಂತ ವಿವರಿಸಿದೆ.
ಅವಳು ಕೇಳಿಸಿಕೊಳ್ಳಲಿಲ್ಲ.
ಒಂದೊಂದು ಅಂಗೈಯಲ್ಲಿ ಒಂದೊಂದು ಇಟ್ಟು, ಕಣ್ಣು ಮುಚ್ಚಿ,
"ಹೊಸದು ಆರು ಗ್ರಾಮು ಹೆಚ್ಚು" ಅಂದಳು.
ತಕ್ಕಡಿಗೆ ಹಾಕಿದೆ. ಏಳು.
"ತಕ್ಕಡಿ ರಿಪೇರಿ ಮಾಡಿಸು" ಅಂದಳು.

ಉಬ್ಬಿದ ತಲೆ ಮೇಲೆ ಹೋಗಿ ವಾಲ್ವಿಗೆ ತಾಗೀತೆ?
ಕಣ್ಣು ಹೋಗದ ಜಾಗ ಅದು, ಬೆರಳೂ ಹೋಗದು.
ಪಕ್ಕದಲ್ಲಿ ಬೀರಣ್ಣ ಗುನಗಾ ಚೌತಿಯ ಗಣಪತಿ ಮಾಡುತ್ತಿದ್ದ.
ಮುಷ್ಟಿ ಮಣ್ಣು ಕೇಳಿದೆ.
"ಎಂತಕ್ಕೆ?"
"ಅಳತೆಗೆ."
ಪಿಸ್ಟನ್ನಿನ ನೆತ್ತಿಗೆ ಮಣ್ಣು ಮೆತ್ತಿ, ಹೆಡ್ ಕೂರಿಸಿ, ಬಿಗಿದು,
ಕೈಯಲ್ಲೇ ಎರಡು ಸುತ್ತು, ಮೆಲ್ಲಗೆ, ಮೆಲ್ಲಗೆ.
ಬಿಚ್ಚಿದರೆ ಮಣ್ಣಿನಲ್ಲಿ ಎರಡು ಅರೆಚಂದ್ರ ಒತ್ತಿದ್ದವು.
ಬ್ಲೇಡಿನಲ್ಲಿ ಕೊಯ್ದು ಅಳೆದೆ: ಒಂದೂಮುಕ್ಕಾಲು ಮಿಲಿಮೀಟರು.
ಅಡ್ಡಿಲ್ಲ. ಒಂದೇ ಮನೆಯಲ್ಲಿ ತಾಗದೆ ಇರಲು
ಎಷ್ಟೋ ಅಣ್ಣತಮ್ಮಂದಿರಿಗೆ ಅಷ್ಟೂ ಇಲ್ಲ.
ಮಣ್ಣು ವಾಪಸು ಕೊಟ್ಟೆ.
ಆಯಿಲ್ ವಾಸನೆ ಅಂತ ಬೀರಣ್ಣ ಮೂಗು ಮುರಿದ,
ಆದರೂ ಇಲಿಯ ಕಿವಿಗೆ ಹಾಕಿದ.

ಸರ್ಕ್ಲಿಪ್ ಕೂರಿಸುವ ಮೊದಲು ಕ್ರ್ಯಾಂಕಿನ ಬಾಯಿಗೆ ಬಟ್ಟೆ ತುರುಕಬೇಕು.
ಮೂವತ್ತು ವರ್ಷದ ಕೆಳಗೆ, ಡುಮಿಂಗ್ ಮಾಸ್ತರ ಕೈಕೆಳಗಿದ್ದಾಗ,
ಒಂದು ಹಾರಿತು. ಇಂಜಿನ್ ಪೂರಾ ಬಿಚ್ಚಿಸಿದರು ಮಾಸ್ತರು.
ಮೂರನೇ ದಿನ ಸಿಕ್ಕಿತು, ನನ್ನದೇ ಅಂಗಿಯ ಜೇಬಲ್ಲಿ.
ಈವತ್ತಿಗೂ ಅವರಿಗೆ ಹೇಳಿಲ್ಲ.

ರಿಂಗುಗಳ ಸೀಳು ಒಂದೇ ಸಾಲಿಗೆ ಬರಬಾರದು,
ಒಂದು ಇತ್ತ, ಒಂದು ಅತ್ತ;
ಮೂತಿಗೆ ಮೂತಿ ಕೂಡಿದರೆ ಗುಟ್ಟು ಸೋರುತ್ತದೆ.
ಬಾಣದ ಗುರುತು ಸೈಲೆನ್ಸರಿನ ಕಡೆಗೆ.
ಬ್ಯಾರಲ್ ಇಳಿಸುವಾಗ ಮಾತ್ರ ನಾನು ಮಾತಾಡುವುದಿಲ್ಲ.
ಉಗುರಿನಲ್ಲಿ ರಿಂಗು ಒತ್ತಿ ಹಿಡಿದು, ಉಸಿರು ಕಟ್ಟಿ,
ಮಗುವಿನ ತಲೆಗೆ ಬಿಗಿ ಅಂಗಿ ಇಳಿಸಿದ ಹಾಗೆ.
ಟಕ್.
ಆಮೇಲೆ ಬೀಡಿ.

"ದಾರಿಬದಿಯ ಬಾಟ್ಲಿ ಪೆಟ್ರೋಲು ಹಾಕಬೇಡ.
ಒಳಗೆ ಗೋಲಿ ಅಲ್ಲಾಡಿದ ಸದ್ದು ಬಂದರೆ
ಗೇರು ಇಳಿಸು, ಹಟ ಮಾಡಬೇಡ" ಅಂದೆ.
ಸೀರೆ ಎತ್ತಿ ಕಟ್ಟಿ ಕಿಕ್ ಹೊಡೆದಳು.
ತಿರುಗಿ ಅವಳನ್ನೇ ಒದೆಯಿತು.
ಮೊಣಕಾಲು ಉಜ್ಜಿಕೊಳ್ಳುತ್ತಾ ನಕ್ಕಳು:
"ಈಗ ಇದಕ್ಕೂ ಸಿಟ್ಟು ಬಂತು."
ಎರಡನೆಯದಕ್ಕೆ ಹತ್ತಿಕೊಂಡಿತು. ಆ ಗುಡುಗಿಗೆ
ಬೀರಣ್ಣ ಒಂದು ಸೊಂಡಿಲು ವಕ್ರ ಮಾಡಿದನಂತೆ,
ನನ್ನ ಮೇಲೆ ಲೆಕ್ಕ ಬರೆದಿದ್ದಾನೆ.

ಹಳೆಯ ಪಿಸ್ಟನ್ ಗುಜರಿಗೆ ಹಾಕುವವನಿದ್ದೆ.
ಅವಳು ಕೇಳಿ ಒಯ್ದಳು, ಮೀನಿನ ಚೀಲದಲ್ಲಿ.
ಜೋಯ್ಡಾಕ್ಕೆ ಹೋದವರು ಬಂದು ಹೇಳುತ್ತಾರೆ:
ಸಂತೆಯಲ್ಲಿ ಅವಳ ಒದ್ದೆ ನೋಟುಗಳ ಮೇಲೆ ಕೂತಿದೆಯಂತೆ,
ಘಟ್ಟದ ಗಾಳಿಗೆ ಒಂದೂ ಹಾರದ ಹಾಗೆ.
ಎಂತದು ಅದು ಅಂತ ಯಾರಾದರೂ ಕೇಳಿದರೆ
ಬಂಗಡೆ ಎಣಿಸುತ್ತಲೇ, ತಲೆ ಎತ್ತದೆ,
"ನನ್ನ ಗಾಡಿಯ ಹಾಲುಹಲ್ಲು" ಅನ್ನುತ್ತಾಳಂತೆ.